ಗೋವಾದ ಎರಡು ವಿಮಾನ ನಿಲ್ದಾಣ: ದಾಬೋಲಿಂನಿಂದ ಮೋಪಾ ಎಷ್ಟು ದೂರ, ಎಷ್ಟು ಹೊತ್ತು?

ಗೋವಾಕ್ಕೆ ವಿಮಾನದ ಟಿಕೆಟ್ ತೆಗೆದ ಮೇಲೆ ಇನ್ನೊಂದು ಪ್ರಶ್ನೆ ಉಳಿದಿರುತ್ತದೆ: ಇಳಿಯುವುದು ಎಲ್ಲಿ? 2023ರ ಜನವರಿಯಿಂದ ಈ ಪುಟ್ಟ ರಾಜ್ಯದಲ್ಲಿ ಎರಡು ವಿಮಾನ ನಿಲ್ದಾಣಗಳು ನಡೆಯುತ್ತಿವೆ. ವಾಸ್ಕೋ ಪಕ್ಕದ ದಾಬೋಲಿಂ ಒಂದು. ಉತ್ತರದ ತುದಿಯಲ್ಲಿ, ಪೇಡಣೆ ತಾಲ್ಲೂಕಿನಲ್ಲಿರುವ ಮೋಪಾ ಇನ್ನೊಂದು.

ವಾಸ್ಕೋ, ಬೈನಾ, ಝುವಾರಿನಗರದ ಕಡೆ ಕನ್ನಡದ ಮನೆಗಳು ತುಂಬಾ ಇವೆ. ಬಾಗಲಕೋಟೆ, ವಿಜಯಪುರ, ಗದಗ, ಕೊಪ್ಪಳದ ಕಡೆಯಿಂದ ಬಂದು ಎರಡು ಮೂರು ತಲೆಮಾರು ಇಲ್ಲೇ ಕಳೆದವರು. ಇವರಿಗೆ ವಿಮಾನ ನಿಲ್ದಾಣ ಅಂದರೆ ಮನೆಯಿಂದ ಹತ್ತು ಹದಿನೈದು ನಿಮಿಷದ ದಾರಿ. ಅಲ್ಲೇ ಕೆಲಸ ಮಾಡುವವರೂ ಇದ್ದಾರೆ. ಈಗ ಒಂದೊಂದೇ ವಿಮಾನ ಉತ್ತರಕ್ಕೆ ಹೋಗುತ್ತಿದೆ. 2024ರಲ್ಲಿ ಕತಾರ್ ಏರ್‌ವೇಸ್ ತನ್ನ ದೋಹಾ ವಿಮಾನವನ್ನು ದಾಬೋಲಿಂನಿಂದ ಮೋಪಾಕ್ಕೆ ಬದಲಾಯಿಸಿತು. ಗಲ್ಫ್‌ನಲ್ಲಿ ದುಡಿಯುವ ಮಗ ಮೊದಲು ಮನೆ ಹತ್ತಿರ ಇಳಿಯುತ್ತಿದ್ದ, ಈಗ ರಾಜ್ಯದ ಇನ್ನೊಂದು ತುದಿಯಲ್ಲಿ ಇಳಿಯುತ್ತಾನೆ. ಕರೆತರಲು ಹೋಗುವವರು ರಾತ್ರಿಯೆಲ್ಲ ಲೆಕ್ಕ ಹಾಕಬೇಕು. ಕಾರವಾರದಿಂದ ಬರುವವರ ಪಾಡೂ ಇದೇ.

ಹಾಗಾಗಿ ಈ ಎರಡರ ನಡುವೆ ಎಷ್ಟು ದೂರ, ಎಷ್ಟು ಹೊತ್ತು ಅನ್ನುವುದನ್ನು ಬುಡದಿಂದಲೇ ನೋಡೋಣ. ಉತ್ತರ ಒಂದೇ ಅಂಕಿಯಲ್ಲಿ ಸಿಗುವುದಿಲ್ಲ. ಆಕಾಶದಲ್ಲಿ ಒಂದು ದೂರ, ರಸ್ತೆಯಲ್ಲಿ ಇನ್ನೊಂದು. ಹೊತ್ತಿನ ಲೆಕ್ಕವಂತೂ ಪೂರ್ತಿ ಬೇರೆ.

ಎರಡು ಹೆಸರು, ಎರಡು ಕೋಡ್

ಪ್ರತಿ ವಿಮಾನ ನಿಲ್ದಾಣಕ್ಕೂ ಮೂರಕ್ಷರದ ಒಂದು ಕೋಡ್ ಇರುತ್ತದೆ. ಟಿಕೆಟ್ ಮೇಲೆ, ಬ್ಯಾಗಿಗೆ ಕಟ್ಟುವ ಚೀಟಿ ಮೇಲೆ ಬರುವುದು ಇದೇ. ದಾಬೋಲಿಂ ಕೋಡ್ ಜಿ-ಒ-ಐ. ಮೋಪಾ ಕೋಡ್ ಜಿ-ಒ-ಎಕ್ಸ್. ಮೊದಲ ಎರಡು ಅಕ್ಷರ ಒಂದೇ, ಕೊನೆಯದು ಮಾತ್ರ ಬೇರೆ. ಮೊಬೈಲಿನ ಸಣ್ಣ ಅಕ್ಷರದಲ್ಲಿ ಇದು ಕಣ್ಣಿಗೆ ಬೀಳದೆ ಹೋಗುವುದು ಸಹಜ.

ಟಿಕೆಟ್ ಮಾರುವ ಆ್ಯಪ್‌ಗಳಲ್ಲಿ ಬರೀ 'ಗೋವಾ' ಅಂತ ಹಾಕಿದರೆ ಸಾಮಾನ್ಯವಾಗಿ ಎರಡೂ ನಿಲ್ದಾಣಗಳ ವಿಮಾನಗಳು ಒಂದೇ ಪಟ್ಟಿಯಲ್ಲಿ ಬರುತ್ತವೆ. ಕಡಿಮೆ ದರದ್ದು ಮೇಲೆ. ನಾವು ನೋಡುವುದು ದರ ಮತ್ತು ಹೊತ್ತು, ಒತ್ತುವುದು ಮೇಲಿನದನ್ನು. ಹೋಗುವಾಗ ಒಂದು ನಿಲ್ದಾಣ, ಬರುವಾಗ ಇನ್ನೊಂದು ನಿಲ್ದಾಣ ಆಗಿಬಿಡುವುದು ಹೀಗೆ. ದಾಬೋಲಿಂ ಪಾರ್ಕಿಂಗ್‌ನಲ್ಲಿ ಕಾರು ನಿಲ್ಲಿಸಿ ಬೆಂಗಳೂರಿಗೆ ಹೋದವರು, ವಾಪಸ್ ಬರುವಾಗ ಮೋಪಾದಲ್ಲಿ ಇಳಿದರೆ ಏನಾಗುತ್ತದೆ ಅಂತ ಒಮ್ಮೆ ಯೋಚಿಸಿ.

ಮೋಪಾಕ್ಕೆ ಇನ್ನೊಂದು ಹೆಸರೂ ಇದೆ. ಅಧಿಕೃತವಾಗಿ ಅದು ಮನೋಹರ್ ಅಂತಾರಾಷ್ಟ್ರೀಯ ವಿಮಾನ ನಿಲ್ದಾಣ. ಗೋವಾದ ಮುಖ್ಯಮಂತ್ರಿಯಾಗಿದ್ದ ಮನೋಹರ್ ಪರ್ರಿಕರ್ ಅವರ ಹೆಸರು. ಟ್ಯಾಕ್ಸಿಯವರು, ಬಸ್ಸಿನವರು ಎಲ್ಲರೂ ಮೋಪಾ ಅಂತಲೇ ಹೇಳುತ್ತಾರೆ. ಟಿಕೆಟ್ ಮೇಲೆ 'ಮನೋಹರ್' ಅಂತ ಕಂಡರೆ ಅದು ಮೋಪಾ ಅಂತ ತಿಳಿದುಕೊಳ್ಳಿ.

ಆಕಾಶದಲ್ಲಿ ಎಷ್ಟು ದೂರ?

ಎರಡು ನಿಲ್ದಾಣಗಳ ನಡುವಿನ ದೂರ ಅಂತ ಪಟ್ಟಿಗಳಲ್ಲಿ ಕೊಡುವುದು ಹೆಚ್ಚಾಗಿ ನೇರ ಗೆರೆಯ ದೂರ. ನಕ್ಷೆಯ ಮೇಲೆ ಒಂದು ಚುಕ್ಕೆಯಿಂದ ಇನ್ನೊಂದು ಚುಕ್ಕೆಗೆ ಗೆರೆ ಎಳೆದು ಅಳೆದದ್ದು. ಇದನ್ನು ನೀವೇ ಲೆಕ್ಕ ಹಾಕಬಹುದು, ಕಷ್ಟವಿಲ್ಲ.

ಭೂಮಿಯ ಮೇಲೆ ಉತ್ತರ–ದಕ್ಷಿಣವಾಗಿ ಒಂದು ಡಿಗ್ರಿ ಅಂದರೆ ಸುಮಾರು 111 ಕಿ.ಮೀ. ದಾಬೋಲಿಂ ಇರುವುದು 15.38 ಡಿಗ್ರಿ ಅಕ್ಷಾಂಶದಲ್ಲಿ, ಮೋಪಾ 15.74ರಲ್ಲಿ. ವ್ಯತ್ಯಾಸ 0.36. ಅದನ್ನು 111ರಿಂದ ಗುಣಿಸಿದರೆ 40 ಕಿ.ಮೀ. ಬರುತ್ತದೆ. ಮೋಪಾ ಮೂರು ಕಿ.ಮೀ. ಆಚೀಚೆ ಪೂರ್ವಕ್ಕಿದೆ. ಅದನ್ನು ಸೇರಿಸಿದರೂ ಒಟ್ಟು 40ರ ಆಸುಪಾಸಿನಲ್ಲೇ ನಿಲ್ಲುತ್ತದೆ.

ವಿಮಾನದವರು ಇದನ್ನು ನಾಟಿಕಲ್ ಮೈಲಿಯಲ್ಲಿ ಹೇಳುತ್ತಾರೆ. ಹಡಗಿನವರಿಂದ ಬಂದ ಅಳತೆ ಅದು. ಒಂದು ನಾಟಿಕಲ್ ಮೈಲಿಗೆ 1.852 ಕಿ.ಮೀ. ಆ ಲೆಕ್ಕದಲ್ಲಿ ದಾಬೋಲಿಂ–ಮೋಪಾ ನಡುವೆ 22 ನಾಟಿಕಲ್ ಮೈಲಿ. ಎಲ್ಲೋ '22 ಮೈಲಿ' ಅಂತ ಓದಿ, ರಸ್ತೆಯ ಮೈಲಿ ಅಂದುಕೊಂಡು 35 ಕಿ.ಮೀ. ಅಂತ ಲೆಕ್ಕ ಹಾಕಬೇಡಿ. ಎರಡೂ ಬೇರೆ ಅಳತೆ.

ನೇರ ಗೆರೆಯ ದೂರಕ್ಕೂ ನಾವು ಕ್ರಮಿಸುವ ದೂರಕ್ಕೂ ಇರುವ ಸಂಬಂಧ, ಹೊಳೆ ಆಚೆ ದಂಡೆಯ ಮನೆಯ ಹಾಗೆ. ಕೂಗಿದರೆ ಕೇಳಿಸುತ್ತದೆ, ಅವರು ಅಂಗಳದಲ್ಲಿ ಏನು ಒಣಗಿಸಿದ್ದಾರೆ ಅನ್ನುವುದೂ ಕಾಣುತ್ತದೆ. ಆದರೆ ಅವರ ಮನೆಗೆ ಹೋಗಬೇಕಾದರೆ ಸೇತುವೆ ತನಕ ನಡೆದು ಬಳಸಿಕೊಂಡೇ ಹೋಗಬೇಕು. ಗೋವಾದ ವಿಷಯದಲ್ಲಿ ಈ ಮಾತು ಅಕ್ಷರಶಃ ನಿಜ, ಏಕೆಂದರೆ ಇಲ್ಲಿ ದಾರಿಯಲ್ಲಿ ಹೊಳೆ ಒಂದಲ್ಲ, ಮೂರು.

ಎರಡರ ನಡುವೆ ವಿಮಾನ ಯಾಕಿಲ್ಲ?

ಮೇಲೆ ಹೇಳಿದ 40 ಕಿ.ಮೀ.ಯನ್ನು ಜೆಟ್ ವಿಮಾನ ಮೂರು ನಿಮಿಷದಲ್ಲಿ ದಾಟುತ್ತದೆ. ಹಾಗಾದರೆ ಒಂದು ಸಣ್ಣ ವಿಮಾನ ಓಡಿಸಬಾರದೇ ಅಂತ ಕೇಳುವವರಿದ್ದಾರೆ. ಇದಕ್ಕೆ ಉತ್ತರ ವಿಮಾನ ಏರುವ, ಇಳಿಯುವ ರೀತಿಯಲ್ಲಿದೆ.

ಪೈಲಟ್‌ಗಳು ಬಳಸುವ ಒಂದು ಸರಳ ಲೆಕ್ಕವಿದೆ. ಪ್ರತಿ ಸಾವಿರ ಅಡಿ ಕೆಳಗಿಳಿಯಲು ಸುಮಾರು ಮೂರು ನಾಟಿಕಲ್ ಮೈಲಿ ಬೇಕು. ವಿಮಾನ 35,000 ಅಡಿ ಎತ್ತರದಲ್ಲಿದ್ದರೆ, ಇಳಿಯುವ ಜಾಗಕ್ಕಿಂತ 105 ನಾಟಿಕಲ್ ಮೈಲಿ, ಅಂದರೆ ಸುಮಾರು 195 ಕಿ.ಮೀ. ಮೊದಲೇ ಇಳಿಯಲು ಶುರು ಮಾಡಬೇಕು. ಬೆಂಗಳೂರಿನಿಂದ ಗೋವಾಕ್ಕೆ ನೇರ ಗೆರೆ ಎಳೆದು ಈ ಲೆಕ್ಕ ಇಟ್ಟು ನೋಡಿ. ಆ ಜಾಗ ಹಾವೇರಿ ಜಿಲ್ಲೆಯ ಆಸುಪಾಸಿಗೆ ಬರುತ್ತದೆ! ನೀವು ಕಿಟಕಿಯಿಂದ ಕೆರೆಗಳನ್ನು ನೋಡುತ್ತಾ ಕೂತಿರುವಾಗಲೇ ವಿಮಾನ ಗೋವಾಕ್ಕೆ ಇಳಿಯಲು ತಯಾರಾಗಿರುತ್ತದೆ.

ಹೀಗಿರುವಾಗ 40 ಕಿ.ಮೀ. ದೂರಕ್ಕೆ ಹಾರುವುದರಲ್ಲಿ ಅರ್ಥವಿಲ್ಲ. ಏರಿ ಮುಗಿಯುವ ಮೊದಲೇ ಇಳಿಯಬೇಕು. ಹೊತ್ತೂ ಉಳಿಯುವುದಿಲ್ಲ, ಏಕೆಂದರೆ ಚೆಕ್-ಇನ್, ತಪಾಸಣೆ, ರನ್‌ವೇಗೆ ಹೋಗುವುದು ಎಲ್ಲವೂ ದೊಡ್ಡ ಪ್ರಯಾಣದಷ್ಟೇ ಹಿಡಿಯುತ್ತದೆ. ಹಾಗಾಗಿ ಈ ಎರಡರ ನಡುವೆ ಹೋಗಲು ಉಳಿಯುವುದು ರಸ್ತೆ ಮಾತ್ರ.

ವಿಮಾನಕ್ಕೆ ವ್ಯತ್ಯಾಸ ಎರಡು ನಿಮಿಷ, ನಮಗೆ ಒಂದೂವರೆ ತಾಸು

ನನ್ನ ಪ್ರಕಾರ ಇಡೀ ಗೊಂದಲದ ಮೂಲ ಇಲ್ಲಿದೆ.

ಬೆಂಗಳೂರಿನ ಕೆಂಪೇಗೌಡ ನಿಲ್ದಾಣದಿಂದ ದಾಬೋಲಿಂಗೆ ನೇರ ಗೆರೆಯಲ್ಲಿ ಸುಮಾರು 480 ಕಿ.ಮೀ. ಮೋಪಾಕ್ಕೆ ಸುಮಾರು 500. ವಿಮಾನ ನಿಮಿಷಕ್ಕೆ 13 ಕಿ.ಮೀ. ಹೋಗುತ್ತದೆ ಅಂತ ಇಟ್ಟುಕೊಂಡರೆ ವ್ಯತ್ಯಾಸ ಎರಡು ನಿಮಿಷವೂ ಇಲ್ಲ. ಮುಂಬೈನಿಂದ ನೋಡಿದರೆ ಉಲ್ಟಾ: ಮೋಪಾ ಸುಮಾರು 385 ಕಿ.ಮೀ., ದಾಬೋಲಿಂ 420ಕ್ಕಿಂತ ಸ್ವಲ್ಪ ಜಾಸ್ತಿ. ಅಲ್ಲಿಯೂ ವ್ಯತ್ಯಾಸ ಮೂರು ನಿಮಿಷ ಮಾತ್ರ.

ಹಾಗಾಗಿ ವಿಮಾನ ಕಂಪನಿಗೆ ಎರಡೂ ಹೆಚ್ಚುಕಡಿಮೆ ಒಂದೇ. ಟಿಕೆಟ್ ಮೇಲೆ ಬರುವ ಪ್ರಯಾಣದ ಹೊತ್ತೂ ಒಂದೇ, ಬೆಂಗಳೂರಿನಿಂದಾದರೆ ಒಂದೂಕಾಲು ತಾಸಿನ ಆಸುಪಾಸು. ಟಿಕೆಟ್ ನೋಡಿದವರಿಗೆ ಯಾವ ಸುಳಿವೂ ಸಿಗುವುದಿಲ್ಲ. ಆಕಾಶದಲ್ಲಿ ಲೆಕ್ಕಕ್ಕೇ ಬಾರದ ಈ ದೂರ, ಕೆಳಗಿಳಿದು ಬ್ಯಾಗ್ ಎತ್ತಿಕೊಂಡ ಕ್ಷಣದಿಂದ ನಮ್ಮ ತಲೆ ಮೇಲೆ ಬೀಳುತ್ತದೆ.

ಟಿಕೆಟ್‌ನಲ್ಲಿ ಬರೆದ ಹೊತ್ತಿನ ಬಗ್ಗೆಯೂ ಒಂದು ಮಾತು. 'ಒಂದು ತಾಸು ಹದಿನೈದು ನಿಮಿಷ' ಅಂದರೆ ಅಷ್ಟೂ ಹೊತ್ತು ವಿಮಾನ ಹಾರುತ್ತದೆ ಅಂತಲ್ಲ. ನಿಂತ ವಿಮಾನದ ಚಕ್ರಕ್ಕೆ ಅಡ್ಡ ಕೊಟ್ಟಿರುವ ತುಂಡುಗಳನ್ನು ತೆಗೆದಲ್ಲಿಂದ, ಇನ್ನೊಂದು ಊರಲ್ಲಿ ಮತ್ತೆ ಅಡ್ಡ ಕೊಡುವ ತನಕದ ಹೊತ್ತು ಅದು. ರನ್‌ವೇ ತನಕ ಉರುಳುವುದು, ಸರದಿಗೆ ಕಾಯುವುದು, ಇಳಿದ ಮೇಲೆ ಜಾಗಕ್ಕೆ ಬಂದು ನಿಲ್ಲುವುದು ಎಲ್ಲ ಅದರೊಳಗೇ ಸೇರಿದೆ. ಬಾಗಿಲು ತೆರೆದು ನಾವು ಹೊರಗೆ ಬರುವ ಹೊತ್ತು ಮಾತ್ರ ಅದರಲ್ಲಿ ಸೇರಿಲ್ಲ.

ರಸ್ತೆಯಲ್ಲಿ: ಮೂರು ಹೊಳೆ, ಮೂರು ಸೇತುವೆ

ರಸ್ತೆಯಲ್ಲಿ ದಾಬೋಲಿಂನಿಂದ ಮೋಪಾಕ್ಕೆ 55ರಿಂದ 60 ಕಿ.ಮೀ. ಯಾವ ಒಳದಾರಿ ಹಿಡಿಯುತ್ತೀರಿ ಅನ್ನುವುದರ ಮೇಲೆ ಸ್ವಲ್ಪ ಹೆಚ್ಚುಕಡಿಮೆ. ರಸ್ತೆ ಖಾಲಿ ಇದ್ದರೆ ಒಂದು ತಾಸು ಹದಿನೈದು ನಿಮಿಷ. ಸಾಮಾನ್ಯ ದಿನ ಒಂದೂವರೆ ತಾಸು. ಸಂಜೆ ಜನ ಕೆಲಸ ಬಿಡುವ ಹೊತ್ತಿಗೆ ಸಿಕ್ಕಿಬಿದ್ದರೆ ಎರಡು ತಾಸು. ಹೆದ್ದಾರಿಯಲ್ಲಿ 60 ಕಿ.ಮೀ.ಗೆ ಇಷ್ಟು ಹೊತ್ತು ಯಾಕೆ ಅನ್ನಿಸಬಹುದು. ಗೋವಾದ ನೆಲ ಇರುವ ರೀತಿಯೇ ಅದಕ್ಕೆ ಕಾರಣ.

ಇಲ್ಲಿ ಘಟ್ಟ ಪೂರ್ವಕ್ಕೆ, ಸಮುದ್ರ ಪಶ್ಚಿಮಕ್ಕೆ. ಹೊಳೆಗಳೆಲ್ಲ ಪೂರ್ವದಿಂದ ಪಶ್ಚಿಮಕ್ಕೆ ಹರಿದು, ಸಮುದ್ರ ಸೇರುವ ಕಡೆ ಅಗಲವಾಗುತ್ತವೆ. ನಾವು ಹೋಗಬೇಕಿರುವುದು ದಕ್ಷಿಣದಿಂದ ಉತ್ತರಕ್ಕೆ. ಪ್ರತಿ ಹೊಳೆಯನ್ನೂ ಅಡ್ಡ ದಾಟಲೇಬೇಕು, ಅದೂ ಅದು ಅಗಲವಾಗಿರುವ ಕಡೆಯೇ.

ದಾಬೋಲಿಂನಿಂದ ಹೊರಟರೆ ಚಿಖಲಿ, ಝುವಾರಿನಗರ, ಸಾಂಕವಾಳ ದಾಟಿ ಕುಠ್ಠಾಳಿಗೆ ಬರುತ್ತೀರಿ. ಇಂಗ್ಲಿಷಿನಲ್ಲಿ ಕೊರ್ಟಾಲಿಂ ಅಂತ ಬೋರ್ಡ್ ಇರುತ್ತದೆ. ಅಲ್ಲಿ ಮಡಗಾಂವ್ ಕಡೆಯಿಂದ ಬರುವ 66ನೇ ರಾಷ್ಟ್ರೀಯ ಹೆದ್ದಾರಿ ಸಿಗುತ್ತದೆ. ಮಂಗಳೂರು, ಉಡುಪಿ, ಕಾರವಾರದಿಂದ ಬರುವ ಅದೇ ಹೆದ್ದಾರಿ. ಇಳಿಜಾರು ಇಳಿದ ಕೂಡಲೇ ಝುವಾರಿ ನದಿ.

ಇಲ್ಲಿನ ಹೊಸ ಸೇತುವೆಯನ್ನು ಸ್ವಲ್ಪ ಗಮನವಿಟ್ಟು ನೋಡಬೇಕು. ಎತ್ತರದ ಕಂಬಗಳಿಂದ ದಪ್ಪ ಕೇಬಲ್‌ಗಳು ಎರಡೂ ಕಡೆ ಓರೆಯಾಗಿ ಇಳಿದು ರಸ್ತೆಯನ್ನು ಹಿಡಿದುಕೊಂಡಿವೆ. ಪಕ್ಕದಲ್ಲೇ 1983ರ ಹಳೆ ಸೇತುವೆ ಕಾಣುತ್ತದೆ, ಅಗಲ ಕಡಿಮೆ. ವರ್ಷಗಟ್ಟಲೆ ಇಡೀ ದಕ್ಷಿಣ ಗೋವಾ ಪಣಜಿಗೆ ಹೋಗುತ್ತಿದ್ದದ್ದು ಅದರ ಮೇಲೆಯೇ. ಅದು ಹಳತಾಗಿ ಭಾರಿ ಲಾರಿಗಳನ್ನು ತಡೆದಿದ್ದರು. ಒಂದು ಗಾಡಿ ಕೆಟ್ಟು ನಿಂತರೆ ಎರಡೂ ದಡದಲ್ಲಿ ಸಾಲು. ಹೊಸ ಸೇತುವೆಯ ಒಂದು ಭಾಗ ತೆರೆದದ್ದು 2022ರ ಡಿಸೆಂಬರ್ ಕೊನೆಯಲ್ಲಿ. ಮೋಪಾದಿಂದ ಮೊದಲ ವಿಮಾನಗಳು ಹಾರಿದ್ದು 2023ರ ಜನವರಿ 5ರಂದು. ನಡುವೆ ಒಂದು ವಾರ ಮಾತ್ರ. ಇನ್ನೊಂದು ಭಾಗ 2023ರ ಡಿಸೆಂಬರ್‌ನಲ್ಲಿ ಸೇರಿ ಈಗ ಒಟ್ಟು ಎಂಟು ಲೇನ್. ಈ ಸೇತುವೆ ಇಲ್ಲದೆ ಇದ್ದಿದ್ದರೆ ವಾಸ್ಕೋದವರಿಗೆ ಮೋಪಾ ನಿಜಕ್ಕೂ ದೂರದ ಊರೇ ಆಗಿರುತ್ತಿತ್ತು.

ಝುವಾರಿ ದಾಟಿದರೆ ಆಗಶಿ, ಗೋವಾ ವೆಲ್ಹಾ, ಬಾಂಬೋಳಿ. ಬಾಂಬೋಳಿಯಲ್ಲಿ ದೊಡ್ಡ ಸರ್ಕಾರಿ ಆಸ್ಪತ್ರೆ ಇದೆ. ಅಲ್ಲಿಂದ ಪಣಜಿ ಅಂಚಿಗೆ ಬಂದರೆ ಮಾಂಡೋವಿ ನದಿ. ನಮ್ಮ ಖಾನಾಪುರದ ಕಾಡಿನಲ್ಲಿ ಹುಟ್ಟುವ ಮಹದಾಯಿ ಇದೇ. ಇಲ್ಲಿ ಸಮುದ್ರದ ಹತ್ತಿರ ಬಂದು ಮೈ ಚಾಚಿಕೊಂಡಿದೆ. 1986ರ ಮಳೆಗಾಲದಲ್ಲಿ ಇದರ ಮೇಲಿನ ನೆಹರು ಸೇತುವೆ ಕುಸಿದು, ಜನ ಮತ್ತೆ ದೋಣಿ, ಫೆರ‍್ರಿ ಹತ್ತಬೇಕಾಯಿತು. ಗೋವಾದಲ್ಲಿ ಒಂದು ಸೇತುವೆ ಅಂದರೆ ಏನು ಅನ್ನುವುದು ಹಿರಿಯರಿಗೆ ಚೆನ್ನಾಗಿ ಗೊತ್ತು. ಈಗ ಮೂರು ಸೇತುವೆಗಳಿವೆ. ಮೋಪಾಕ್ಕೆ ಹೋಗುವವರಿಗೆ ಅನುಕೂಲವಾದದ್ದು 2019ರಲ್ಲಿ ತೆರೆದ ಅಟಲ್ ಸೇತು. ಪಣಜಿಯೊಳಗೆ ಇಳಿಯದೆ ಮೇಲಿಂದಲೇ ಹೋಗಬಹುದು. ದ್ವಿಚಕ್ರ ವಾಹನಗಳನ್ನು ಅದರ ಮೇಲೆ ಬಿಡುವುದಿಲ್ಲ, ಅವರು ಹಳೆ ಸೇತುವೆ ಹಿಡಿಯಬೇಕು.

ನಂತರ ಪರ್ವರಿ. ಈ ದಾರಿಯಲ್ಲಿ ಹೊತ್ತು ತಿನ್ನುವ ಜಾಗ ಯಾವುದು ಅಂದರೆ ನಾನು ಇದನ್ನೇ ಹೇಳುತ್ತೇನೆ. ಹೆದ್ದಾರಿಯ ಎರಡೂ ಕಡೆ ಅಂಗಡಿ, ಶಾಲೆ, ಕಚೇರಿ, ಜತೆಗೆ ವಿಧಾನಸಭೆ. ಮೇಲ್ಸೇತುವೆ ಕಾಮಗಾರಿ ಶುರುವಾದ ಮೇಲಂತೂ ಇಲ್ಲಿ ಗಾಡಿಗಳು ತೆವಳುತ್ತಾ ಹೋಗುವುದು ಮಾಮೂಲಿ. ಮೊಬೈಲ್ ನಕ್ಷೆಯಲ್ಲಿ ಕೆಂಪು ಗೆರೆ ಕಂಡರೆ ಹೆಚ್ಚಾಗಿ ಇಲ್ಲೇ.

ಗಿರಿ, ಮಾಪ್ಸಾ ದಾಟಿದರೆ ಕೋಲ್ವಾಳದಲ್ಲಿ ಮೂರನೇ ಹೊಳೆ ಶಾಪೋರಾ. ಅಲ್ಲಿಂದ ಮುಂದೆ ದಾರಿ ಸಲೀಸು. ಧಾರಗಳದಲ್ಲಿ ಹೆದ್ದಾರಿಯಿಂದ ಬಲಕ್ಕೆ, ನೇರವಾಗಿ ನಿಲ್ದಾಣಕ್ಕೇ ಹೋಗುವ ಆರು ಲೇನಿನ ರಸ್ತೆ ಇದೆ. 2024ರಲ್ಲಿ ಅದು ತೆರೆದ ಮೇಲೆ ಹಳ್ಳಿಯ ಸಣ್ಣ ರಸ್ತೆಗಳಲ್ಲಿ ಸುತ್ತುವ ಕಷ್ಟ ತಪ್ಪಿದೆ. ಕೊನೆಗೆ ಜಂಬಿಟ್ಟಿಗೆ ಕಲ್ಲಿನ ವಿಶಾಲ ಬಯಲು, ಅದರ ಮೇಲೆ ನಿಲ್ದಾಣ.

ಬಸ್ಸು, ರೈಲು

ಬಸ್ಸಿನಲ್ಲಿ ಹೋಗಬಹುದು, ಆದರೆ ಹೊತ್ತು ಬೇಕು. ಕದಂಬ ಸಾರಿಗೆ ನಿಗಮದ ಬಸ್ಸುಗಳು ಮೋಪಾದಿಂದ ಪಣಜಿ, ಮಡಗಾಂವ್ ಕಡೆಗೆ ಓಡುತ್ತವೆ. ವಾಸ್ಕೋ ಕಡೆಯವರಿಗೆ ಪಣಜಿ ಬಸ್ ನಿಲ್ದಾಣದಲ್ಲಿ ಬದಲಾಯಿಸುವುದು ಸುಲಭ. ಕಾಯುವ ಹೊತ್ತು ಸೇರಿಸಿ ಎರಡೂವರೆಯಿಂದ ಮೂರು ತಾಸು ಇಟ್ಟುಕೊಳ್ಳಿ. ಸಾಮಾನು ಜಾಸ್ತಿ ಇಲ್ಲದೆ, ಹಗಲು ಹೊತ್ತಿನಲ್ಲಿ, ಮುಂದಿನ ವಿಮಾನದ ಆತುರವಿಲ್ಲದೆ ಹೋಗುವವರಿಗೆ ಇದು ಸರಿ. ದುಡ್ಡು ತುಂಬಾ ಉಳಿಯುತ್ತದೆ.

ರೈಲು ನಕ್ಷೆಯಲ್ಲಿ ಚೆನ್ನಾಗಿ ಕಾಣುತ್ತದೆ. ದಾಬೋಲಿಂ ಹತ್ತಿರವೇ ರೈಲು ನಿಲ್ದಾಣವಿದೆ, ಅದು ಹುಬ್ಬಳ್ಳಿ ಕೇಂದ್ರವಾಗಿರುವ ನೈಋತ್ಯ ರೈಲ್ವೆಯ ವಾಸ್ಕೋ ಮಾರ್ಗ. ಮೋಪಾಕ್ಕೆ ಹತ್ತಿರದ್ದು ಕೊಂಕಣ ರೈಲ್ವೆಯ ಪೇಡಣೆ ನಿಲ್ದಾಣ. ಆದರೆ ಮಡಗಾಂವ್‌ನಲ್ಲಿ ಗಾಡಿ ಬದಲಿಸಬೇಕು, ಪೇಡಣೆಯಲ್ಲಿ ಎಲ್ಲ ರೈಲೂ ನಿಲ್ಲುವುದಿಲ್ಲ, ಇಳಿದ ಮೇಲೆ ಮತ್ತೆ ಟ್ಯಾಕ್ಸಿ ಹಿಡಿಯಬೇಕು. ವಿಮಾನ ಹಿಡಿಯುವವರು ಇದನ್ನು ನಂಬಿಕೊಳ್ಳದಿರುವುದು ಒಳ್ಳೆಯದು.

ಇಷ್ಟು ಹತ್ತಿರ ಎರಡು ನಿಲ್ದಾಣ ಯಾಕೆ?

ದಾಬೋಲಿಂ ಪೋರ್ಚುಗೀಸರ ಕಾಲದ್ದು, 1950ರ ದಶಕದಲ್ಲಿ ಕಟ್ಟಿದ್ದು. 1961ರ ಡಿಸೆಂಬರ್‌ನಲ್ಲಿ ಗೋವಾ ಭಾರತಕ್ಕೆ ಸೇರಿತು. ಮರುವರ್ಷ ಈ ಜಾಗ ನೌಕಾಪಡೆಯ ಕೈಗೆ ಬಂತು. ಇವತ್ತಿಗೂ ಅದು ನೌಕಾಪಡೆಯದೇ, ಐಎನ್‌ಎಸ್ ಹಂಸ ಅಂತ ಹೆಸರು. ನಾವು ಬಳಸುವ ಟರ್ಮಿನಲ್ ಆ ನೆಲೆಯ ಒಂದು ಭಾಗ. ರನ್‌ವೇ ಅವರದು, ವಿಮಾನಗಳನ್ನು ಇಳಿಸುವ ಹತ್ತಿಸುವ ನಿಯಂತ್ರಣವೂ ಅವರದೇ. ವಾರದ ದಿನಗಳಲ್ಲಿ ಬೆಳಗ್ಗೆ ಕೆಲವು ತಾಸು ನೌಕಾಪಡೆಯ ತರಬೇತಿಗೆ ಮೀಸಲು. ಆ ಹೊತ್ತಿಗೆ ಪ್ರಯಾಣಿಕರ ವಿಮಾನಗಳಿಗೆ ಜಾಗವಿಲ್ಲ. ಬೆಳಗ್ಗೆ ಹತ್ತು ಹನ್ನೊಂದಕ್ಕೆ ಗೋವಾ ತಲುಪುವ ವಿಮಾನ ಹುಡುಕಿದರೆ ವಾರದ ದಿನಗಳಲ್ಲಿ ಮೋಪಾದ್ದೇ ಜಾಸ್ತಿ ಕಾಣಿಸುವುದಕ್ಕೆ ಇದೊಂದು ಕಾರಣ.

ಪ್ರವಾಸಿಗರು ಹೆಚ್ಚಿದಂತೆ ದಾಬೋಲಿಂ ಸಾಲದಾಯಿತು. ಮೋಪಾಕ್ಕೆ ಕೇಂದ್ರದ ಒಪ್ಪಿಗೆ ಸಿಕ್ಕಿದ್ದು 2000ದಲ್ಲಿ. ಮೋಪಾ ಶುರುವಾದ ಮೇಲೆ ದಾಬೋಲಿಂನಲ್ಲಿ ಪ್ರಯಾಣಿಕರ ವಿಮಾನ ನಿಲ್ಲಿಸಬೇಕು ಅನ್ನುವುದು ಆಗಿನ ಮಾತು. ದಕ್ಷಿಣ ಗೋವಾದವರು ಜೋರಾಗಿ ವಿರೋಧಿಸಿದರು. ಮುಂದೆ ಆ ಷರತ್ತು ಬದಲಾಗಿ, ಎರಡೂ ನಡೆಯಲಿ ಅಂತಾಯಿತು.

ಇನ್ನೊಂದು ನಿಯಮವೂ ಇಲ್ಲಿ ಬರುತ್ತದೆ. 2008ರ ಕೇಂದ್ರ ನೀತಿಯ ಪ್ರಕಾರ, ಇರುವ ನಾಗರಿಕ ವಿಮಾನ ನಿಲ್ದಾಣದಿಂದ 150 ಕಿ.ಮೀ. ಒಳಗೆ ಹೊಸದನ್ನು ಸುಮ್ನೆ ಕಟ್ಟುವಂತಿಲ್ಲ. ಹಳೆಯದರ ಮೇಲೆ ಏನು ಪರಿಣಾಮ ಆಗುತ್ತದೆ ಅಂತ ನೋಡಿ ಕೇಂದ್ರ ಸರ್ಕಾರ ತೀರ್ಮಾನಿಸಬೇಕು. ಒಂದೇ ಊರಿನ ಪ್ರಯಾಣಿಕರನ್ನು ಎರಡು ನಿಲ್ದಾಣ ಹಂಚಿಕೊಂಡರೆ ಒಂದು ಬಡವಾಗಬಹುದು ಅನ್ನುವ ಯೋಚನೆ ಅದರ ಹಿಂದಿದೆ. ವಾಸ್ಕೋದ ಟ್ಯಾಕ್ಸಿಯವರು, ಹೋಟೆಲಿನವರು, ನಿಲ್ದಾಣದಲ್ಲಿ ಕೆಲಸ ಮಾಡುವವರು ಪ್ರತಿ ವಿಮಾನ ಉತ್ತರಕ್ಕೆ ಹೋದಾಗಲೂ ಯಾಕೆ ಆತಂಕ ಪಡುತ್ತಾರೆ ಅನ್ನುವುದು ಇದರಿಂದ ಅರ್ಥವಾಗುತ್ತದೆ.

ಮೋಪಾದ ಕೆಲಸ ನಡುವೆ ನಿಂತೂ ಇತ್ತು. ಪರಿಸರ ಅನುಮತಿಯ ವಿಷಯದಲ್ಲಿ ಸುಪ್ರೀಂ ಕೋರ್ಟ್ 2019ರಲ್ಲಿ ತಡೆ ಹಾಕಿ, 2020ರ ಜನವರಿಯಲ್ಲಿ ಅದನ್ನು ತೆಗೆಯಿತು. 2022ರ ಡಿಸೆಂಬರ್ 11ರಂದು ಪ್ರಧಾನಿ ನರೇಂದ್ರ ಮೋದಿ ಉದ್ಘಾಟಿಸಿದರು. ಜಿಎಂಆರ್ ಸಂಸ್ಥೆ ಇದನ್ನು ನಡೆಸುತ್ತಿದೆ.

ಯಾರಿಗೆ ಯಾವುದು ಹತ್ತಿರ?

ವಾಸ್ಕೋ, ಮಡಗಾಂವ್, ಫೋಂಡಾ, ಕಾಣಕೋಣದವರಿಗೆ ದಾಬೋಲಿಂ. ಮಾಪ್ಸಾ, ಕಲಂಗುಟ್, ಪೇಡಣೆ, ಗಡಿಯಾಚೆಯ ಸಾವಂತವಾಡಿಯವರಿಗೆ ಮೋಪಾ. ಪಣಜಿ ಹೆಚ್ಚುಕಡಿಮೆ ನಟ್ಟನಡುವೆ. ದಾಬೋಲಿಂಗೆ ಸುಮಾರು 30 ಕಿ.ಮೀ., ಮೋಪಾಕ್ಕೆ 30ರಿಂದ 35. ಪಣಜಿಯವರು ದರ ನೋಡಿ ಆರಿಸಿಕೊಳ್ಳಬಹುದು.

ಕಾರವಾರ, ಅಂಕೋಲಾದವರು ಮಾತ್ರ ಇದನ್ನು ಗಟ್ಟಿಯಾಗಿ ನೆನಪಿಟ್ಟುಕೊಳ್ಳಬೇಕು. ಕಾರವಾರದಿಂದ ಮಡಗಾಂವ್ ತನಕ ದಾರಿ ಒಂದೇ, ನಡುವೆ ಕರಮಲ ಘಾಟಿನ ತಿರುವುಗಳು. ಮಡಗಾಂವ್‌ನಿಂದ ದಾಬೋಲಿಂಗೆ ಇನ್ನು 25 ಕಿ.ಮೀ. ಆಸುಪಾಸು. ಮೋಪಾಕ್ಕಾದರೆ 65 ಕಿ.ಮೀ. ಆಸುಪಾಸು, ಅದೂ ಝುವಾರಿ, ಮಾಂಡೋವಿ, ಪರ್ವರಿ ಎಲ್ಲ ದಾಟಿ. ಟಿಕೆಟ್‌ನಲ್ಲಿ ಐನೂರು ಸಾವಿರ ಉಳಿಯಿತು ಅಂತ ಮೋಪಾ ಆರಿಸಿದರೆ, ಆ ದುಡ್ಡು ಟ್ಯಾಕ್ಸಿಗೇ ಹೋಗುತ್ತದೆ. ವಯಸ್ಸಾದವರು, ಆಸ್ಪತ್ರೆಗೆ ಅಂತ ಹೊರಟವರು ಜೊತೆಗಿದ್ದರೆ ಹೆಚ್ಚಿನ ಒಂದೂಕಾಲು ತಾಸಿನ ರಸ್ತೆ ಪ್ರಯಾಣ ಸಣ್ಣ ವಿಷಯವಲ್ಲ.

ಬೆಳಗಾವಿಯವರಿಗೆ ಅವರದೇ ಸಾಂಬ್ರಾ ನಿಲ್ದಾಣವಿದೆ. ಗೋವಾದಿಂದಲೇ ಹಾರಬೇಕಾಗಿ ಬಂದರೆ ಚೋರ್ಲಾ ಘಾಟಿನ ಮಳೆಗಾಲದ ಸ್ಥಿತಿ ವಿಚಾರಿಸಿಕೊಂಡು ಹೊರಡಿ.

ಒಂದರಲ್ಲಿ ಇಳಿದು ಇನ್ನೊಂದರಲ್ಲಿ ಹತ್ತುವುದಾದರೆ

ಇದು ಆಗುತ್ತದೆ. ಬೆಂಗಳೂರಿನಿಂದ ಗೋವಾಕ್ಕೆ ಒಂದು ಟಿಕೆಟ್, ಅಲ್ಲಿಂದ ಮುಂದೆ ಇನ್ನೊಂದು ಕಂಪನಿಯ ಟಿಕೆಟ್. ನಡುವೆ ಮೂರು ತಾಸು ಇದೆಯಲ್ಲ, ಸಾಕು ಅನ್ನಿಸುತ್ತದೆ. ಲೆಕ್ಕ ಮಾಡೋಣ.

ವಿಮಾನ ದಾಬೋಲಿಂನಲ್ಲಿ ಮಧ್ಯಾಹ್ನ 2 ಗಂಟೆಗೆ ಬಂದು ನಿಂತಿತು. ಇಳಿದು, ಬ್ಯಾಗ್ ಬಂದು, ಟ್ಯಾಕ್ಸಿ ಸಿಕ್ಕಿ ಹೊರಡುವಾಗ 2:40. ಒಂದೂವರೆ ತಾಸಿನ ದಾರಿ, ಮೋಪಾ ತಲುಪಿದಾಗ 4:10. ಬಾಗಿಲಲ್ಲಿ ಗುರುತಿನ ಚೀಟಿ ತೋರಿಸಿ, ಸಾಲಿನಲ್ಲಿ ನಿಂತು ಬ್ಯಾಗ್ ಕೊಡುವಾಗ 4:40. ದೇಶದೊಳಗಿನ ವಿಮಾನಗಳಿಗೆ ಸಾಮಾನ್ಯವಾಗಿ ಹೊರಡುವ ಒಂದು ತಾಸು ಮೊದಲೇ ಚೆಕ್-ಇನ್ ಕೌಂಟರ್ ಮುಚ್ಚುತ್ತಾರೆ. ಅಂದರೆ ಎಲ್ಲವೂ ಅಂದುಕೊಂಡಂತೆ ನಡೆದರೆ 5:40ರ ವಿಮಾನ ಸಿಗುತ್ತದೆ. ಮೊದಲ ವಿಮಾನ ಅರ್ಧ ತಾಸು ತಡವಾದರೆ? ಪರ್ವರಿಯಲ್ಲಿ ಅರ್ಧ ತಾಸು ನಿಂತರೆ? ಹಾಗಾಗಿ 7 ಗಂಟೆಗಿಂತ ಮೊದಲಿನ ವಿಮಾನ ಹಿಡಿಯಬೇಡಿ ಅಂತ ನಾನು ಹೇಳುತ್ತೇನೆ. ನಡುವೆ ಐದು ತಾಸು. ವಿದೇಶದ ವಿಮಾನವಾದರೆ ಇನ್ನೂ ಜಾಸ್ತಿ.

ಎರಡೂ ಟಿಕೆಟ್ ಬೇರೆ ಬೇರೆ ಪಿಎನ್‌ಆರ್‌ನಲ್ಲಿದ್ದರೆ ಇನ್ನೊಂದು ತೊಡಕಿದೆ. ಮೊದಲ ವಿಮಾನ ತಡವಾಗಿ ಎರಡನೆಯದು ತಪ್ಪಿದರೆ, ಎರಡನೇ ಕಂಪನಿಗೆ ಅದು ನೀವು ಬರದೇ ಹೋದ ಹಾಗೆಯೇ ಲೆಕ್ಕ. ಒಂದೇ ಪಿಎನ್‌ಆರ್‌ನಲ್ಲಿದ್ದರೆ ಮುಂದಿನ ವ್ಯವಸ್ಥೆಯನ್ನು ಕಂಪನಿಯಿಂದ ಕೇಳಬಹುದು. ಅಪ್ಪ ಅಮ್ಮನಿಗೆ ಮೊದಲ ಸಲ ವಿಮಾನದ ಟಿಕೆಟ್ ತೆಗೆದುಕೊಡುವವರು ದಯವಿಟ್ಟು ಇದನ್ನು ನೋಡಿಕೊಳ್ಳಿ. ಗೊತ್ತಿಲ್ಲದ ಊರಲ್ಲಿ, ಕೈಯಲ್ಲಿ ಸಾಮಾನು ಹಿಡಿದು, ಒಂದು ನಿಲ್ದಾಣದಿಂದ ಇನ್ನೊಂದಕ್ಕೆ ಓಡುವ ಗಾಬರಿ ಅವರಿಗೆ ಬೇಡ.

ಡಿಸೆಂಬರ್ ಕೊನೆಯ ವಾರ, ಕಾರ್ನಿವಲ್, ಶಿಗ್ಮೋ ಮೆರವಣಿಗೆಯ ದಿನಗಳು, ಚೌತಿಯ ಹಿಂದಿನ ದಿನ – ಈ ಹೊತ್ತಿನಲ್ಲಿ ಮೇಲಿನ ಲೆಕ್ಕಕ್ಕೆ ಇನ್ನೊಂದು ತಾಸು ಸೇರಿಸಿ. ಮಳೆಗಾಲದಲ್ಲಿ ರಸ್ತೆಯೂ ನಿಧಾನ, ವಿಮಾನವೂ ತಡ.

ವಿಮಾನವೇ ದಾರಿ ಬದಲಿಸಿದರೆ, ನೀವೇ ತಪ್ಪು ನಿಲ್ದಾಣಕ್ಕೆ ಬಂದರೆ

ಮಳೆ, ಮಂಜು, ರನ್‌ವೇ ತೊಂದರೆಯಿಂದ ಒಂದು ಕಡೆ ಇಳಿಯಲು ಆಗದಿದ್ದರೆ ಪೈಲಟ್ ಬೇರೆ ನಿಲ್ದಾಣಕ್ಕೆ ಹೋಗುತ್ತಾರೆ. ಎಲ್ಲಿಗೆ ಅನ್ನುವುದನ್ನು ಇಂಧನ, ಹವೆ, ಜಾಗ ನೋಡಿ ತೀರ್ಮಾನಿಸುತ್ತಾರೆ. ಪಕ್ಕದಲ್ಲೇ ಇರುವ ಇನ್ನೊಂದು ಗೋವಾ ನಿಲ್ದಾಣಕ್ಕೇ ಬರುತ್ತಾರೆ ಅಂತೇನಿಲ್ಲ. ಮೋಡ ಒಂದೇ ಆಗಿದ್ದರೆ 40 ಕಿ.ಮೀ. ಆಚೆಯೂ ಅದೇ ಸ್ಥಿತಿ ಇರಬಹುದು. ಹಾಗೆ ಬೇರೆಡೆ ಇಳಿದಾಗ ಸಿಬ್ಬಂದಿ ಹೇಳುವ ತನಕ ಕೂತಲ್ಲಿಂದ ಏಳಬೇಡಿ. ಎಷ್ಟೋ ಸಲ ಹವೆ ತಿಳಿಯಾದ ಮೇಲೆ ಅದೇ ವಿಮಾನ ಮತ್ತೆ ಹೊರಡುತ್ತದೆ.

ಕರೆತರಲು ಹೊರಟವರು ಮನೆ ಬಿಡುವ ಮೊದಲು ವಿಮಾನದ ನಂಬರ್ ಕೇಳಿಕೊಳ್ಳಿ. 'ಗೋವಾಕ್ಕೆ ಬರ್ತಿದೀನಿ' ಅನ್ನುವ ಮೆಸೇಜ್ ಸಾಲದು. ನಂಬರ್ ಹಾಕಿ ನೋಡಿದರೆ ಎಲ್ಲಿ ಇಳಿಯುತ್ತದೆ, ಎಷ್ಟು ತಡ ಎಲ್ಲ ತಿಳಿಯುತ್ತದೆ.

ಇಷ್ಟಾದರೂ ತಪ್ಪು ನಿಲ್ದಾಣದ ಬಾಗಿಲಲ್ಲಿ ನಿಂತಿದ್ದರೆ, ಮೊದಲು ಗಡಿಯಾರ ನೋಡಿ. ವಿಮಾನಕ್ಕೆ ಮೂರು ತಾಸಿಗಿಂತ ಹೆಚ್ಚು ಇದ್ದರೆ ತಕ್ಷಣ ಟ್ಯಾಕ್ಸಿ ಹಿಡಿಯಿರಿ, ದಾರಿಯಲ್ಲೇ ಮೊಬೈಲಿನಲ್ಲಿ ಚೆಕ್-ಇನ್ ಮುಗಿಸಿ. ಕೈಚೀಲ ಮಾತ್ರ ಇದ್ದರೆ ಕೌಂಟರ್ ಸಾಲು ತಪ್ಪಿ ಅರ್ಧ ತಾಸು ಉಳಿಯುತ್ತದೆ. ಎರಡು ತಾಸಿಗಿಂತ ಕಡಿಮೆ ಇದ್ದರೆ ಓಡಬೇಡಿ. ಕಂಪನಿಗೆ ಫೋನ್ ಮಾಡಿ, ವಿಮಾನ ಹೊರಡುವ ಮೊದಲೇ ಟಿಕೆಟ್ ಬದಲಾಯಿಸಲು ಕೇಳಿ. ಹೊರಟ ಮೇಲೆ ಕೇಳಿದರೆ ಸಿಗುವುದು ತೀರಾ ಕಡಿಮೆ. ನಡುವಿನ ಹೊತ್ತಾದರೆ ಟ್ಯಾಕ್ಸಿಯವರನ್ನೇ ವಿಚಾರಿಸಿ. ಆ ಗಳಿಗೆಯಲ್ಲಿ ಪರ್ವರಿ ಹೇಗಿದೆ ಅಂತ ಅವರಿಗಿಂತ ಚೆನ್ನಾಗಿ ಯಾರಿಗೂ ಗೊತ್ತಿರುವುದಿಲ್ಲ.